ಉತ್ತರ ಪುಟದಲ್ಲಿರಲಿ, ಊಹೆಯಲ್ಲಿ ಬೇಡ

ವ್ಯಾಪಾರ ನಿಷೇಧವೆಂಬ ಮಾತು ಬೆಳೆಗಾರರಾದ ನಮಗೆ ಹೊಸದಲ್ಲ. ಹೊರದೇಶದ ಸರಕು ಒಳಗೆ ಬಾರದಂತೆ ತಡೆಯಬೇಕೆಂದು ನಾವೇ ಸರ್ಕಾರಕ್ಕೆ ಮನವಿ ಕೊಡುವುದುಂಟು. ನಮ್ಮ ಸರಕು ಹೊರಗೆ ಹೋಗದಂತೆ ತಡೆದಾಗ ನಾವೇ ಬಾಯಿ ಬಡಿದುಕೊಳ್ಳುವುದೂ ಉಂಟು. ಆದರೆ ನಿಷೇಧದ ವಿಷಯವಾಗಿ ಬರೆದ ಒಂದು ಪುಟವನ್ನು ಸಾವಧಾನವಾಗಿ ಓದಿ, ಅದು ಹೇಳಿದ್ದೇನು, ಹೇಳದೆ ಬಿಟ್ಟದ್ದೇನು ಎಂದು ವಿಂಗಡಿಸುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿದೆ? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು ಮುರುಗಮಲ್ಲದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಕೆಲವು ಯುವಕ ಯುವತಿಯರು. ಅಭ್ಯಾಸ ಪುಸ್ತಕವೊಂದರ ಗದ್ಯಭಾಗದ ಮೇಲೆ ಅವರಲ್ಲಿ ವಾದ ಬೆಳೆದು, ವಿಷಯ ಕಾಫಿಯದಾದ್ದರಿಂದ ತೀರ್ಪು ಹೇಳಿರೆಂದು ನಮ್ಮ ಬಳಿಗೆ ಬಂದರು. ಆ ವಾದವನ್ನು ಸದಸ್ಯ ಬಂಧುಗಳೆಲ್ಲರೂ ತಿಳಿಯುವುದು ಒಳ್ಳೆಯದೆಂದು ನಮ್ಮ ಭಾವನೆ.

ಗದ್ಯಭಾಗದ ಸಾರಾಂಶ ಇಷ್ಟು. ಉಗಾಂಡಾ ದೇಶದ ರಫ್ತಿನ ಆದಾಯದಲ್ಲಿ ಬಹುಪಾಲು ಕಾಫಿಯಿಂದ ಬರುತ್ತಿತ್ತು. ಆ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಅಮೆರಿಕದವರು ಕೊಳ್ಳುತ್ತಿದ್ದರು. ಇದಿ ಅಮೀನನ ಆಡಳಿತದಲ್ಲಿ ನಡೆದ ಹತ್ಯೆಗಳನ್ನು ಖಂಡಿಸಿ 1978ರ ಅಕ್ಟೋಬರಿನಲ್ಲಿ ಅಮೆರಿಕ ಉಗಾಂಡಾದೊಡನೆ ವ್ಯಾಪಾರವನ್ನು ನಿಷೇಧಿಸಿತು. ಅದೇ ತಿಂಗಳ ಕೊನೆಗೆ ಅಮೀನನ ಸೈನ್ಯ ನೆರೆಯ ಟಾಂಜಾನಿಯಾದೊಳಗೆ ನುಗ್ಗಿತು. ಟಾಂಜಾನಿಯಾ ತಿರುಗಿಬಿತ್ತು, ದೇಶ ಬಿಟ್ಟು ಹೋಗಿದ್ದ ಉಗಾಂಡಾದವರೂ ಅದರೊಡನೆ ಸೇರಿದರು. 1979ರ ಏಪ್ರಿಲ್ 11ರಂದು ರಾಜಧಾನಿ ಕಂಪಾಲಾ ಅವರ ವಶವಾಯಿತು; ಅಮೀನ್ ಪಲಾಯನ ಮಾಡಿದ. ಮೇ ತಿಂಗಳಲ್ಲಿ ಅಮೆರಿಕ ನಿಷೇಧವನ್ನು ತೆಗೆಯಿತು. ಕಾಫಿಯ ಹಣ ನಿಂತದ್ದರಿಂದ ಅಮೀನನ ಬಲ ಕುಗ್ಗಿತೆಂದು ಕೆಲವರು ವಾದಿಸುತ್ತಾರೆ ಎಂಬಲ್ಲಿಗೆ ಭಾಗ ಮುಗಿಯುತ್ತದೆ.

ಪ್ರಶ್ನೆ: ಈ ಭಾಗದಿಂದ ನಿಶ್ಚಯವಾಗಿ ಹೇಳಬಹುದಾದ ಮಾತು ಯಾವುದು? ಒಂದನೆಯದು, ವ್ಯಾಪಾರ ನಿಷೇಧವೇ ಅಮೀನನ ಪತನಕ್ಕೆ ಕಾರಣ. ಎರಡನೆಯದು, ನಿಷೇಧದಿಂದ ಏನೂ ಆಗಲಿಲ್ಲ, ಯುದ್ಧವೇ ಕಾರಣ. ಮೂರನೆಯದು, ಪತನಕ್ಕೆ ಮುಂಚೆ ನಿಷೇಧವೂ ಯುದ್ಧವೂ ನಡೆದಿದ್ದವು, ಯಾವುದರ ಪಾಲು ಎಷ್ಟೆಂಬುದನ್ನು ಭಾಗ ತೀರ್ಮಾನಿಸಿಲ್ಲ. ನಾಲ್ಕನೆಯದು, ವ್ಯಾಪಾರ ನಿಷೇಧಗಳು ಎಂದೂ ಫಲ ಕೊಡುವುದಿಲ್ಲ.

ಪುಸ್ತಕದ ಉತ್ತರಸೂಚಿಯಲ್ಲಿ ಒಂದನೆಯದು ಸರಿ ಎಂದಿದೆ. ಓದುವವರಲ್ಲಿ ಅರ್ಧ ಜನ ಅದನ್ನೇ ಒಪ್ಪಿದರು. ನಿಷೇಧ ಬಂದ ಆರು ತಿಂಗಳಿಗೆ ಸರ್ಕಾರ ಉರುಳಿತಲ್ಲ, ಇನ್ನೇನು ಬೇಕೆಂದರು. ಇಬ್ಬರು ಎರಡನೆಯದನ್ನು ಹಿಡಿದರು. ಕೋವಿಯ ಮುಂದೆ ಕಾಫಿಯ ಲೆಕ್ಕ ಯಾರು ಕೇಳುತ್ತಾರೆಂಬುದು ಅವರ ತರ್ಕ. ಉಳಿದವರು ಮೂರನೆಯದೆಂದರು.

ನಮ್ಮ ತೀರ್ಪು ಮೂರನೆಯದರ ಪರವಾಗಿದೆ. ಕಾರಣವನ್ನು ಬಿಡಿಸಿ ಹೇಳುತ್ತೇವೆ. ಒಂದಾದ ಮೇಲೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೆಂದು ನಮ್ಮ ಹಿರಿಯರು ಆಡುತ್ತಿದ್ದ ಮಾತೂ, ತರ್ಕಶಾಸ್ತ್ರದವರು ಹೇಳುವ ಕಾಕತಾಳೀಯ ನ್ಯಾಯವೂ ಇದೇ. ಹಾಗೆಂದು ಕಾಗೆಯ ಭಾರ ಸೊನ್ನೆ ಎಂದೂ ಹೇಳಲಾಗದು. ಟೊಂಗೆ ಮೊದಲೇ ಟೊಳ್ಳಾಗಿದ್ದರೆ ಅಷ್ಟು ಭಾರವೂ ಸಾಕಾದೀತು. ಆದುದರಿಂದ ಎರಡನೆಯ ಉತ್ತರವೂ ನಿಲ್ಲುವುದಿಲ್ಲ. ಬಲ ಕುಗ್ಗಿತೆಂದು ಭಾಗವು ತಾನೇ ಹೇಳಲಿಲ್ಲ. ಕೆಲವರು ವಾದಿಸುತ್ತಾರೆ ಎಂದಿತು. ಒಂದು ವಾದವನ್ನು ವರದಿ ಮಾಡುವುದು ಬೇರೆ, ಅದನ್ನು ಒಪ್ಪುವುದು ಬೇರೆ. ‘ಕೆಲವರು’ ಎಂಬ ಪದವನ್ನು ದಾಟಿ ಓದಿದವರು ಒಂದನೆಯದಕ್ಕೆ ಬಿದ್ದರು. ನಾಲ್ಕನೆಯದಂತೂ ಒಂದು ದೇಶದ ಕಥೆಯಿಂದ ಎಲ್ಲ ದೇಶಕ್ಕೂ ತೀರ್ಮಾನ ಹೇಳುವಂಥದು.

ಒಬ್ಬ ಯುವಕ ಒಳ್ಳೆಯ ಆಕ್ಷೇಪವೆತ್ತಿದ. ಹೊರಗಿನ ಪುಸ್ತಕಗಳನ್ನು ಓದಿ ನಿಷೇಧದಿಂದ ಅಮೀನನಿಗೆ ಪೆಟ್ಟು ಬಿತ್ತೆಂದು ನಾನು ತಿಳಿದಿದ್ದರೆ ಒಂದನೆಯದನ್ನು ಬರೆಯಬಾರದೆ ಎಂದ. ಬರೆಯಬಾರದು. ಪ್ರಶ್ನೆ ಕೇಳಿದ್ದು ಈ ಭಾಗದಿಂದ ತಿಳಿಯುವುದೇನೆಂದು, ನಿಮಗೆ ತಿಳಿದಿರುವುದೇನೆಂದಲ್ಲ. ನಮ್ಮ ತಿಳಿವಳಿಕೆ ಎಷ್ಟೇ ನಿಜವಾಗಿರಲಿ, ಪುಟದಲ್ಲಿ ಇಲ್ಲದ್ದನ್ನು ಪುಟಕ್ಕೆ ತುಂಬುವ ಹಕ್ಕು ಓದುಗನಿಗಿಲ್ಲ. ಲೆಕ್ಕಪತ್ರದಲ್ಲಿ ಬರೆಯದ ಮೂಟೆಯನ್ನು ಉಗ್ರಾಣದಲ್ಲಿದೆಯೆಂದು ಬಾಯಲ್ಲಿ ಹೇಳಿದರೆ ಯಾವ ಲೆಕ್ಕಪರಿಶೋಧಕರು ಒಪ್ಪುತ್ತಾರೆ?

ಉತ್ತರಸೂಚಿಯೇ ತಪ್ಪಾಗಿದ್ದರೆ ಗತಿಯೇನು ಎಂಬುದು ಇದರ ಮುಂದಿನ ಮಾತು. ಅಭ್ಯಾಸ ಪುಸ್ತಕವಾದರೆ ಪೆನ್ಸಿಲಿನಿಂದ ತಿದ್ದಿಕೊಳ್ಳಬಹುದು. ನಿಜವಾದ ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಒಂದು ನೌಕರಿ ತಪ್ಪುತ್ತದೆ. ಕಾನ್ಪುರ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1983ರಲ್ಲಿ ಕೊಟ್ಟ ತೀರ್ಪು ಇಲ್ಲಿ ದಾರಿದೀಪ. ಉತ್ತರಸೂಚಿಯನ್ನು ಸರಿಯೆಂದೇ ಭಾವಿಸಿ ಹೊರಡಬೇಕು. ಸುತ್ತುಬಳಸಿನ ತರ್ಕದಿಂದ ಅದನ್ನು ತಪ್ಪೆನ್ನಲಾಗದು. ಆದರೆ ಆ ವಿಷಯ ಬಲ್ಲ ಯಾರೂ ಒಪ್ಪದಷ್ಟು ಸ್ಪಷ್ಟವಾಗಿ ತಪ್ಪೆಂದು ತೋರಿಸಿಕೊಟ್ಟರೆ ವಿದ್ಯಾರ್ಥಿಯನ್ನು ದಂಡಿಸಕೂಡದು. ಅಂದು ಗೆದ್ದವರು ವಿದ್ಯಾರ್ಥಿಗಳೇ. ಸಂದಿಗ್ಧವಾದ ಪ್ರಶ್ನೆಯನ್ನು ಎಣಿಕೆಯಿಂದ ಕೈಬಿಡಬೇಕೆಂಬ ಸಲಹೆಯೂ ಆ ತೀರ್ಪಿನಲ್ಲಿದೆ. 2018ರಲ್ಲಿ ಉತ್ತರ ಪ್ರದೇಶದ ಇನ್ನೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸಂಶಯವಿದ್ದರೆ ಅದರ ಲಾಭ ಪರೀಕ್ಷೆ ನಡೆಸಿದವರಿಗೇ ಎಂದಿತು. ಎಂದ ಮೇಲೆ ಆಕ್ಷೇಪಣೆ ಸಲ್ಲಿಸುವವರಿಗೆ ತಿಳಿಯಬೇಕಾದ್ದು ಇಷ್ಟೆ: ಕೈ ಎತ್ತಿಸಿ ಎಣಿಸಿದರೆ ಉತ್ತರ ಸರಿಯಾಗುವುದಿಲ್ಲ, ಗದ್ದಲದಿಂದಲೂ ಆಗುವುದಿಲ್ಲ, ಗದ್ಯಭಾಗದ ಇಂಥ ಸಾಲು, ಇಂಥ ಪದ ಎಂದು ಬೆರಳಿಟ್ಟು ತೋರಿಸಬೇಕು.

ಓದುವವನಿಗೆ ಇಷ್ಟು ಹೊಣೆಯಿದ್ದರೆ ಬರೆಯುವವನಿಗೆ ಅದಕ್ಕಿಂತ ಹೆಚ್ಚಿನ ಹೊಣೆಯಿದೆ. ಕರ್ನಾಟಕ ಲೋಕಸೇವಾ ಆಯೋಗ 2024ರ ಆಗಸ್ಟ್ 27ರಂದು ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ದೋಷಗಳು ಬೆಳಕಿಗೆ ಬಂದು, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಕನ್ನಡದಲ್ಲಿ ಓದಿದ ಹಳ್ಳಿಯ ಮಕ್ಕಳು ತಮ್ಮ ನುಡಿಯಲ್ಲಿಯೇ ಪ್ರಶ್ನೆ ಅರ್ಥವಾಗದೆ ಕುಳಿತರೆ, ಅದು ಅವರ ಓದಿನ ಕೊರತೆಯಲ್ಲ. ಸಂದಿಗ್ಧವಾಗಿ ಬರೆದು, ಆಮೇಲೆ ಸರಿಯಾಗಿ ಓದಲಿಲ್ಲವೆಂದು ಓದುಗನನ್ನು ದೂರುವುದು ನ್ಯಾಯವಲ್ಲ.

ಪರೀಕ್ಷೆಯ ಮಾತು ತೋಟದವರಿಗೇಕೆ ಎಂದು ಕೆಲವರಾದರೂ ಕೇಳಿಯಾರು. ನಮ್ಮ ಬದುಕಿಗೂ ಇಂಥ ಗದ್ಯಭಾಗಗಳು ಬರುತ್ತಿರುತ್ತವೆ. ಅವಕ್ಕೆ ಅಧಿಸೂಚನೆಯೆಂದು ಹೆಸರು. ಇದಕ್ಕೆ ಈ ಸೀಮೆಯ ಗುಲಾಬಿ ಈರುಳ್ಳಿಗಿಂತ ಒಳ್ಳೆಯ ನಿದರ್ಶನ ಬೇಡ. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಬೆಳೆಯುವ, ಬೆಂಗಳೂರು ರೋಸ್ ಎಂದು ಹೆಸರಾದ ಈ ಸಣ್ಣ ಗೆಡ್ಡೆಯ, ಖಾರದ ಈರುಳ್ಳಿಗೆ 2015ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ನಮ್ಮ ಅಡುಗೆಮನೆಗಳಲ್ಲಿ ಇದರ ಬಳಕೆ ಕಡಿಮೆ. ಮಲೇಷ್ಯಾ, ಸಿಂಗಪುರಗಳಲ್ಲಿ ಬೇಡಿಕೆ ಹೆಚ್ಚು. ಊರೊಳಗೆ ಗಿರಾಕಿಯಿಲ್ಲದ ಬೆಳೆಗೆ ರಫ್ತಿನ ಬಾಗಿಲು ಮುಚ್ಚಿದರೆ ಪಟ್ಟಣದ ಗೃಹಿಣಿಗೆ ಲಾಭವಿಲ್ಲ, ಬೆಳೆದವನಿಗೆ ಮಾತ್ರ ನಷ್ಟ ಎಂಬ ರೈತರ ವಾದ ನಮಗೆ ನ್ಯಾಯವಾಗಿಯೇ ಕಾಣುತ್ತದೆ.

2019ರ ಸೆಪ್ಟೆಂಬರ್ 29ರಂದು ಎಲ್ಲ ತಳಿಯ ಈರುಳ್ಳಿಯ ರಫ್ತನ್ನೂ ಕೇಂದ್ರ ಸರ್ಕಾರ ನಿಷೇಧಿಸಿತು. ಅಕ್ಟೋಬರ್ 28ರಂದು ಬೆಂಗಳೂರು ರೋಸ್ ಮಾತ್ರ 9,000 ಟನ್ನಿನವರೆಗೆ, ನವೆಂಬರ್ 30ರವರೆಗೆ, ಚೆನ್ನೈ ಬಂದರಿನಿಂದ ಮಾತ್ರ ಹೋಗಬಹುದೆಂದಿತು. ಈ ಒಂದು ವಾಕ್ಯದಲ್ಲಿ ಬೀಗಗಳು ನಾಲ್ಕು: ತಳಿ, ತೂಕ, ಗಡುವು, ಬಂದರು. ‘ಈರುಳ್ಳಿ ಬಿಟ್ಟರಂತೆ’ ಎಂಬ ಸುದ್ದಿ ಕೇಳಿ ಲಾರಿ ತುಂಬಿಸುವವನು ನಾಲ್ಕರಲ್ಲಿ ಒಂದನ್ನು ಮರೆತರೂ ಸರಕು ರಸ್ತೆಯಲ್ಲಿ ಕೊಳೆಯುತ್ತದೆ.

2020ರ ಸೆಪ್ಟೆಂಬರ್ 14ರ ಆಜ್ಞೆ ಇನ್ನೂ ಬಿಗಿಯಾದದ್ದು. ಬೆಂಗಳೂರು ರೋಸ್ ಮತ್ತು ಆಂಧ್ರದ ಕೃಷ್ಣಾಪುರಂ ಈರುಳ್ಳಿಗಳನ್ನು ಅದು ಹೆಸರಿಸಿಯೇ ನಿಷೇಧಿಸಿತು. ಹೆಚ್ಚಿದ, ಪುಡಿ ಮಾಡಿದ ಈರುಳ್ಳಿಯನ್ನು ಹೊರಗಿಟ್ಟಿತು. ಸಾಮಾನ್ಯ ನಿಯಮದಂತೆ, ನಿಷೇಧಕ್ಕೆ ಮುಂಚೆಯೇ ಬ್ಯಾಂಕಿನ ಮೂಲಕ ಹಣದ ಖಾತರಿಯಾದ ಒಪ್ಪಂದಗಳಿಗೆ ವಿನಾಯಿತಿ ಸಿಗುತ್ತದೆ. ಆದರೆ ಪರಿವರ್ತನಾ ಕಾಲದ ಏರ್ಪಾಟು ಇದಕ್ಕೆ ಅನ್ವಯಿಸುವುದಿಲ್ಲವೆಂದು ಆಜ್ಞೆಯ ಕೊನೆಯಲ್ಲಿ ಒಂದು ಸಾಲಿತ್ತು. ಮೇಲಿನ ಸಾಲುಗಳನ್ನಷ್ಟೇ ಓದಿ, ಹಳೆಯ ಒಪ್ಪಂದ ನಡೆಯುತ್ತದೆಂದು ನಂಬಿದವರಿಗೆ ಆ ಕೊನೆಯ ಸಾಲೇ ಉತ್ತರ. ಅಕ್ಟೋಬರ್ 9ರಂದು ಎರಡು ತಳಿಗಳಿಗೂ ತಲಾ 10,000 ಟನ್ನಿನ ಅವಕಾಶ ಬಂದಾಗಲೂ ಚೆನ್ನೈ ಬಂದರು, 2021ರ ಮಾರ್ಚ್ 31ರ ಗಡುವು ಎಂಬ ಷರತ್ತುಗಳಿದ್ದವು. ನಮ್ಮ ತಳಿಗೆ ರಾಜ್ಯದ ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರವೂ ಬೇಕಿತ್ತು. 2023ರ ಆಗಸ್ಟಿನಲ್ಲಿ ಈರುಳ್ಳಿಗೆ ಶೇಕಡಾ 40ರ ರಫ್ತು ಸುಂಕ ಬಿದ್ದಾಗ ಅದನ್ನು ಜನ ನಿಷೇಧವೆಂದೇ ಕರೆದರು. ಸುಂಕ ನಿಷೇಧವಲ್ಲ. ಸೆಪ್ಟೆಂಬರ್ 29ರಂದು ಪ್ರಮಾಣಪತ್ರದ ಷರತ್ತಿನ ಮೇಲೆ ಬೆಂಗಳೂರು ರೋಸ್‌ಗೆ ಆ ಸುಂಕವೂ ತಪ್ಪಿತು.

ಅಡಕೆಯ ವಿಷಯದಲ್ಲಿಯೂ ಇದೇ ಪಾಠ. ಅಡಕೆಯ ಆಮದು ನಿಷೇಧವಾಗಿದೆಯೆಂದು ಸಭೆಗಳಲ್ಲಿ ಕೇಳುತ್ತೇವೆ. 2023ರ ಫೆಬ್ರುವರಿ 14ರ ಅಧಿಸೂಚನೆ ಹೇಳಿದ್ದು ಬೇರೆ: ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಆಮದು ನಿಷಿದ್ಧ, ಅಷ್ಟು ಅಥವಾ ಅದಕ್ಕೆ ಮೇಲ್ಪಟ್ಟರೆ ಮುಕ್ತ. ಅದಕ್ಕೆ ಮುಂಚೆ ಈ ಕನಿಷ್ಠ ಬೆಲೆ 251 ರೂಪಾಯಿಯಿತ್ತು. ರಫ್ತಿಗಾಗಿಯೇ ಇರುವ ಘಟಕಗಳಿಗೆ ಈ ಷರತ್ತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಕೆಯನ್ನು ಕನಿಷ್ಠ ಬೆಲೆಯ ಕಟ್ಟಿಲ್ಲದೆ ತರಲು ಅನುಮತಿ ದೊರೆತಾಗ, ‘ನಿಷೇಧ ತೆಗೆದರು’ ಎಂದು ಕೂಗೆದ್ದಿತು. ನಿಷೇಧ ತೆಗೆದದ್ದಲ್ಲ, ಅದರಲ್ಲಿ ಒಂದು ಕಿಂಡಿ ಕೊರೆದದ್ದು. ಕಿಂಡಿಯ ಅಳತೆ ಗೊತ್ತಿದ್ದವನು ಅದನ್ನು ಮುಚ್ಚಿಸಲೋ ಕಿರಿದುಗೊಳಿಸಲೋ ಕೇಳಬಹುದು. ಬಾಗಿಲೇ ಹೋಯಿತೆಂದು ಕೂಗುವವನ ಮನವಿಯನ್ನು ದೆಹಲಿಯ ಅಧಿಕಾರಿ, ಅಂಥ ಆಜ್ಞೆಯೇ ಹೊರಟಿಲ್ಲವೆಂದು ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾನೆ.

ಬೆಲೆ ಕುಸಿದಾಗಲೆಲ್ಲ ಆಮದೇ ಕಾರಣ, ಏರಿದಾಗಲೆಲ್ಲ ನಿಷೇಧವೇ ಕಾರಣ ಎನ್ನುವ ನಮ್ಮ ರೂಢಿಯನ್ನೂ ಉಗಾಂಡಾದ ಪ್ರಶ್ನೆಯ ಒರೆಗಲ್ಲಿಗೆ ಹಚ್ಚಬೇಕು. ಮಳೆ, ರೋಗ, ದಾಸ್ತಾನು, ಮಂಡಿಯವರ ಕೈಚಳಕ, ಎಲ್ಲವೂ ಅದೇ ತಿಂಗಳಲ್ಲಿ ನಡೆದಿರುತ್ತವೆ. ಯಾವುದರ ಪಾಲೆಷ್ಟೆಂದು ತೋರಿಸಲು ಅಂಕಿಅಂಶ ಬೇಕು. ಅದಿಲ್ಲದೆ ಹೋದರೆ ನಮ್ಮ ನ್ಯಾಯವಾದ ಬೇಡಿಕೆಯೂ ಬರಿಯ ಗೊಣಗಾಟವಾಗಿ ಕೇಳಿಸುತ್ತದೆ.

ಕೊನೆಯದಾಗಿ ಎರಡು ಸೂಚನೆಗಳು. ವಿದೇಶ ವ್ಯಾಪಾರದ ಅಧಿಸೂಚನೆಗಳು ಹಿಂದಿ, ಇಂಗ್ಲಿಷುಗಳಲ್ಲಿ ಹೊರಡುತ್ತವೆ. ಕನ್ನಡದ ಬೆಳೆಗಾರನಿಗೆ ಅವು ತಲಪುವುದು ವರ್ತಕನ ಬಾಯಿಂದ, ವರ್ತಕನಿಗೆ ಅನುಕೂಲವಾಗುವಷ್ಟು. ಕಾಫಿ, ಅಡಕೆ, ಈರುಳ್ಳಿಗಳಿಗೆ ಸಂಬಂಧಿಸಿದ ಪ್ರತಿ ಆಜ್ಞೆಯೂ ಹೊರಟ ದಿನವೇ ಕನ್ನಡದಲ್ಲಿ ದೊರೆಯಬೇಕೆಂದು ಸಹಕಾರ ಸಂಘಗಳೆಲ್ಲ ಒಕ್ಕೊರಲಿನಿಂದ ಕೇಳಬೇಕು. ಅದು ಆಗುವವರೆಗೆ ಪ್ರತಿ ಸಂಘವೂ ತನ್ನ ಸೂಚನಾ ಫಲಕದಲ್ಲಿ ಐದು ಸಾಲು ಬರೆದು ಹಾಕಲಿ: ತಡೆದದ್ದು ಏನನ್ನು, ಎಷ್ಟನ್ನು, ಎಂದಿನವರೆಗೆ, ಯಾವ ದಾರಿಗೆ, ಯಾರಿಗೆ ವಿನಾಯಿತಿ.

ಇದನ್ನು ಬರೆಯುವ ಕೆಲಸಕ್ಕೆ ಪರೀಕ್ಷೆಗೆ ಓದುತ್ತಿರುವ ಆ ಮಕ್ಕಳಿಗಿಂತ ತಕ್ಕವರು ಬೇರೆಯಿಲ್ಲ. ಅವರ ಅಭ್ಯಾಸವೂ ಆಗುತ್ತದೆ, ನಮ್ಮ ಸರಕೂ ಉಳಿಯುತ್ತದೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಎರಡು ಸೂಚನೆಗಳನ್ನೂ ಮಂಡಿಸಲಿದ್ದೇವೆ. ಸದಸ್ಯರು ತಪ್ಪದೆ ಬಂದು, ಓದಿ, ಆಮೇಲೆ ಕೈ ಎತ್ತಬೇಕೆಂದು ವಿನಂತಿ.