ಎತ್ತರದ ಜೀಪಿಗೆ ದೊಡ್ಡ ಟೈರ್: ಅಳತೆ ಯಾರದು, ಹೊಣೆ ಯಾರದು?

ಮಲೆನಾಡು ಹಾಗೂ ಕೊಡಗಿನ ರಸ್ತೆಗಳಲ್ಲಿ ಕೆಲವು ವರ್ಷಗಳಿಂದ ಹೊಸ ಬಗೆಯ ವಾಹನಗಳು ಕಣ್ಣಿಗೆ ಬೀಳುತ್ತಿವೆ. ಕಾರ್ಖಾನೆಯಿಂದ ಬಂದ ಎತ್ತರಕ್ಕಿಂತ ಎರಡು-ಮೂರು ಅಂಗುಲ ಮೇಲೆದ್ದು ನಿಂತ ಥಾರ್, ಗೂರ್ಖಾ, ಜಿಮ್ನಿಗಳು. ಅಲ್ಲೊಂದು ಇಲ್ಲೊಂದು ಇಸುಜು ಅಥವಾ ಟೊಯೊಟಾ ಕಂಪೆನಿಯ ಪಿಕಪ್‌ಗಳು. ಮಡ್‌ಗಾರ್ಡಿನ ಅಂಚನ್ನು ದಾಟಿ ಹೊರಚಾಚಿದ, ಗಟ್ಟಿ ಗುಬುಟುಗಳ ದಪ್ಪ ಟೈರ್‌ಗಳೇ ಇವುಗಳ ಗುರುತು. ಮುಂಗಾರು ಆರಂಭವಾಗುತ್ತಿದ್ದಂತೆ ಮಾಂದಲಪಟ್ಟಿ, ಸಕಲೇಶಪುರದ ಕಡೆ ಇಂತಹ ವಾಹನಗಳ ಸಾಲು ಬೆಳೆಯುತ್ತದೆ.

ವಾಹನವನ್ನು ಎತ್ತರಿಸಿದ ಮೇಲೆ ಯಾವ ಟೈರ್ ಹಾಕಬೇಕು ಎಂಬುದು ಮೇಲ್ನೋಟಕ್ಕೆ ಹವ್ಯಾಸಿಗಳ ಖಾಸಗಿ ಪ್ರಶ್ನೆ. ಆದರೆ ಅದೇ ವಾಹನ ಭಾನುವಾರ ಸಂಜೆ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿಯುವಾಗ ಮುಂದೊಂದು ಬಸ್ಸು, ಹಿಂದೊಂದು ದ್ವಿಚಕ್ರ ವಾಹನ ಇದ್ದೇ ಇರುತ್ತವೆ. ಬ್ರೇಕ್ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ ಆಗ ಮಾಲೀಕನೊಬ್ಬನದಾಗಿ ಉಳಿಯುವುದಿಲ್ಲ. ಹೀಗಿದ್ದೂ ಈ ಅಳತೆಯನ್ನು ಇಂದು ನಿರ್ಧರಿಸುತ್ತಿರುವುದು ಅಂಗಡಿಯ ಕಟ್ಟೆ ಮತ್ತು ಮಾಲೀಕನ ಕಣ್ಣು. ಕಾನೂನು ಎಲ್ಲಕ್ಕೂ ಒಂದೇ ಮಾತಿನಲ್ಲಿ ಬೇಡವೆನ್ನುತ್ತದೆ. ಎಷ್ಟರವರೆಗೆ ಸರಿ ಎಂದು ಹೇಳುವುದಿಲ್ಲ.

ಎತ್ತರಿಸಿದರೆ ಸಿಗುವುದೇನು?

ಲಿಫ್ಟ್ ಕಿಟ್ ಹಾಕಿಸಿದರೆ ಗಾಡಿ ಕಲ್ಲುಬಂಡೆಗಳ ಮೇಲೆ ಸಲೀಸಾಗಿ ದಾಟುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. ಸ್ಪ್ರಿಂಗ್ ಬದಲಿಸಿದಾಗ ಮೇಲೇಳುವುದು ಚಾಸಿ ಮತ್ತು ಅದರ ಮೇಲಿನ ಬಾಡಿ. ಎರಡು ಚಕ್ರಗಳನ್ನು ಜೋಡಿಸುವ ಗಟ್ಟಿ ಆಕ್ಸಲ್, ಅದರ ನಡುವೆ ತೂಗುವ ಡಿಫರೆನ್ಷಿಯಲ್ ಗುಂಡು ಮಾತ್ರ ಇದ್ದಲ್ಲೇ ಇರುತ್ತವೆ. 2020ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ ಥಾರ್‌ನ ಹಿಂಬದಿಯಲ್ಲಿ ಇರುವುದು ಇಂತಹದೇ ಆಕ್ಸಲ್. ಅದನ್ನು ನೆಲದಿಂದ ಮೇಲೆತ್ತಬಲ್ಲದ್ದು ಟೈರ್ ಒಂದೇ. ಲಿಫ್ಟ್ ಮಾಡುವ ಕೆಲಸವೆಂದರೆ ದೊಡ್ಡ ಟೈರ್ ತಿರುಗಲು ಚಕ್ರದ ಕಮಾನಿನಡಿ ಜಾಗ ಒದಗಿಸುವುದು, ಜೊತೆಗೆ ಏರು ಇಳಿಜಾರಿನ ಅಂಚುಗಳಲ್ಲಿ ಬಂಪರ್ ನೆಲಕ್ಕೆ ತಾಗದಂತೆ ಒಂದಿಷ್ಟು ಅನುಕೂಲ. ಥಾರ್‌ನ ಮುಂಬದಿಯಲ್ಲಿರುವುದು ಸ್ವತಂತ್ರ ಸಸ್ಪೆನ್ಷನ್. ಅಲ್ಲಿ ಎತ್ತರ ಹೆಚ್ಚಿದಷ್ಟೂ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್ ಹೆಚ್ಚು ಓರೆಯಾಗಿ ತಿರುಗಬೇಕಾಗುತ್ತದೆ. ಕೀಲುಗಳು ಬೇಗ ಸವೆಯುವುದು ಈ ಕಾರಣದಿಂದ.

ಹಾಗಾದರೆ ಟೈರ್ ದೊಡ್ಡದಾದಷ್ಟೂ ಒಳ್ಳೆಯದೇ? ಲೆಕ್ಕ ಬೇರೆಯೇ ಹೇಳುತ್ತದೆ. ಥಾರ್‌ನ ಎಲ್‌ಎಕ್ಸ್ ಮಾದರಿಯ ಮೂಲ ಟೈರ್ 255/65 ಆರ್18. ಅಂದರೆ ಅಗಲ 255 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ಶೇ. 65, ರಿಮ್ಮಿನ ವ್ಯಾಸ 18 ಅಂಗುಲ. ಕೂಡಿಸಿದರೆ ಒಟ್ಟು ವ್ಯಾಸ 789 ಮಿ.ಮೀ., ಸುಮಾರು 31 ಅಂಗುಲ. ಹವ್ಯಾಸಿಗಳು ಮೊದಲು ಕೈಚಾಚುವುದು 33 ಅಂಗುಲದ ಟೈರ್‌ಗೆ, ಆಸೆ ಇನ್ನೂ ಇದ್ದರೆ 35 ಅಂಗುಲಕ್ಕೆ. 33 ಅಂಗುಲವೆಂದರೆ 838 ಮಿ.ಮೀ. ವ್ಯಾಸದಲ್ಲಿ ಹೆಚ್ಚಿದ್ದು 49 ಮಿ.ಮೀ. ಆದರೂ ಆಕ್ಸಲ್ ಮೇಲೇಳುವುದು ಅದರ ಅರ್ಧದಷ್ಟು ಮಾತ್ರ, ಒಂದು ಅಂಗುಲಕ್ಕೂ ತುಸು ಕಡಿಮೆ. 35 ಅಂಗುಲದ ಟೈರ್ ಹಾಕಿದರೆ ಸಿಗುವುದು 50 ಮಿ.ಮೀ., ಎರಡು ಅಂಗುಲ. ಲಕ್ಷಗಟ್ಟಲೆ ಖರ್ಚಿನ ಕೊನೆಗೆ ಕೈಗೆ ಬರುವ ನಿಜವಾದ ಲಾಭ ಇಷ್ಟು.

ಇದಕ್ಕೆ ತೆರುವ ಬೆಲೆ ಎಲ್ಲೆಡೆ ಹಂಚಿಹೋಗಿರುವುದರಿಂದ ಸುಲಭವಾಗಿ ಕಾಣಿಸುವುದಿಲ್ಲ. 35 ಅಂಗುಲದ ಟೈರ್ ಒಂದು ಸುತ್ತಿನಲ್ಲಿ ಮೂಲ ಟೈರ್‌ಗಿಂತ ಶೇ. 12ಕ್ಕೂ ಹೆಚ್ಚು ದೂರ ಕ್ರಮಿಸುತ್ತದೆ. ಸ್ಪೀಡೋಮೀಟರ್‌ಗೆ ಇದು ಗೊತ್ತಿಲ್ಲ. ಅದು ಗಂಟೆಗೆ 80 ಕಿ.ಮೀ. ಎಂದು ತೋರಿಸುವಾಗ ಲೆಕ್ಕದ ಪ್ರಕಾರ ವಾಹನ 90ರಲ್ಲಿ ಓಡುತ್ತಿರುತ್ತದೆ. ಕಾರ್ಖಾನೆಯಲ್ಲಿ ತುಸು ಹೆಚ್ಚೇ ತೋರುವಂತೆ ಇಟ್ಟ ಮೀಟರ್ ಈ ವ್ಯತ್ಯಾಸದ ಒಂದು ಪಾಲನ್ನು ನುಂಗಿಕೊಂಡರೂ ಉಳಿದದ್ದು ಸಣ್ಣದೇನಲ್ಲ. ಓಡಿದ ದೂರದ ಲೆಕ್ಕವೂ ತಪ್ಪುತ್ತದೆ: ಮೀಟರ್ 10,000 ಕಿ.ಮೀ. ತೋರಿಸಿದಾಗ ಗಾಡಿ 11,200 ಕಿ.ಮೀ. ಮೀರಿ ಓಡಿರುತ್ತದೆ. ಎಣ್ಣೆ ಬದಲಿಸುವ ಅವಧಿ, ವಾರಂಟಿ, ಮುಂದೆ ಮಾರುವಾಗಿನ ಬೆಲೆ ಎಲ್ಲವೂ ಈ ಮೀಟರನ್ನೇ ನಂಬಿಕೊಂಡಿವೆ.

ಗಂಭೀರವಾದದ್ದು ಬ್ರೇಕಿನ ವಿಷಯ. ಎಂಜಿನ್ ಮತ್ತು ಬ್ರೇಕ್ ಎರಡೂ ಚಕ್ರದ ನಡುವಿನಿಂದ ಕೆಲಸ ಮಾಡುತ್ತವೆ. ಟೈರ್ ನೆಲ ಮುಟ್ಟುವ ಜಾಗ ನಡುವಿನಿಂದ ದೂರವಾದಷ್ಟೂ ಅವುಗಳ ಹಿಡಿತ ತಗ್ಗುತ್ತದೆ. 35 ಅಂಗುಲದ ಟೈರ್‌ನಲ್ಲಿ ಅದೇ ಪೆಡಲ್ ಒತ್ತಡಕ್ಕೆ ನೆಲದ ಮೇಲೆ ಬೀಳುವ ತಡೆಬಲ ಸುಮಾರು ಶೇ. 11ರಷ್ಟು ಕಡಿಮೆಯಾಗುತ್ತದೆ. ದೊಡ್ಡ ಟೈರ್‌ಗಳು ಭಾರವಾಗಿಯೂ ಇರುವುದರಿಂದ ತಿರುಗುತ್ತಿರುವ ಆ ಭಾರವನ್ನು ನಿಲ್ಲಿಸುವ ಹೊರೆಯೂ ಬ್ರೇಕಿನ ಮೇಲೆ ಬೀಳುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ಒಮ್ಮೆ ಬ್ರೇಕ್ ಒತ್ತಿದರೆ ಇದು ಅರಿವಿಗೆ ಬಾರದಿರಬಹುದು. ಹದಿನಾಲ್ಕು ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿಯನ್ನು ಮಳೆಯಲ್ಲಿ, ಆರು ಜನರ ಮನೆಮಂದಿ ಮತ್ತು ಸಾಮಾನು ತುಂಬಿಕೊಂಡು ಇಳಿಯುವಾಗ ಪ್ರತಿ ತಿರುವಿನಲ್ಲೂ ಬ್ರೇಕ್ ಬಿಸಿಯೇರುತ್ತ ಹೋಗುತ್ತದೆ. ಎತ್ತರಿಸಿದ್ದರಿಂದ ಗುರುತ್ವ ಕೇಂದ್ರವೂ ಮೇಲೇರಿರುತ್ತದೆ. ಎಬಿಎಸ್, ಇಎಸ್‌ಪಿಯಂತಹ ವ್ಯವಸ್ಥೆಗಳು ತಮಗೆ ಕಲಿಸಿಕೊಟ್ಟ ಹಳೆಯ ಚಕ್ರದ ಅಳತೆಯನ್ನೇ ನೆನಪಿಟ್ಟುಕೊಂಡು ಲೆಕ್ಕ ಹಾಕುತ್ತಿರುತ್ತವೆ. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಥಾರ್‌ಗೆ ನಾಲ್ಕು ನಕ್ಷತ್ರಗಳು ಸಂದಿವೆ ಎಂದು ಹೆಮ್ಮೆಪಡುವ ಮಾಲೀಕರು, ಆ ನಕ್ಷತ್ರಗಳು ಕಾರ್ಖಾನೆಯ ಎತ್ತರ ಮತ್ತು ಕಾರ್ಖಾನೆಯ ಚಕ್ರಕ್ಕೆ ಸೇರಿದವು ಎಂಬುದನ್ನು ಮರೆಯುತ್ತಾರೆ.

ಅಗಲದ ಮೋಹ

ವ್ಯಾಸಕ್ಕಿಂತಲೂ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅಗಲದ ಬಗ್ಗೆ. ಚಿತ್ರಗಳಲ್ಲಿ ಕಾಣುವ ಅಮೆರಿಕದ ಪಿಕಪ್‌ಗಳು ಹನ್ನೆರಡೂವರೆ ಅಂಗುಲ ಅಗಲದ ಟೈರ್‌ಗಳ ಮೇಲೆ ನಿಂತಿರುತ್ತವೆ. ಅಲ್ಲಿನ ಮರಳುಗಾಡಿನಲ್ಲಿ ಅದಕ್ಕೊಂದು ಅರ್ಥವಿದೆ. ಅಗಲ ಟೈರ್ ಭಾರವನ್ನು ಹರಡಿ ಮರಳಿನ ಮೇಲೆ ತೇಲುತ್ತದೆ. ಮಲೆನಾಡಿನ ತೋಟದ ದಾರಿ ಹಾಗಲ್ಲ. ಮೇಲೆ ನಾಲ್ಕಾರು ಅಂಗುಲ ಜಾರು ಕೆಸರು, ಅದರಡಿ ಜಂಬಿಟ್ಟಿಗೆ ಅಥವಾ ಗಟ್ಟಿ ನೆಲ. ಇಲ್ಲಿ ಬೇಕಾದದ್ದು ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿಯನ್ನು ಮುಟ್ಟುವ ಟೈರ್. ಅಗಲದ್ದು ಕೆಸರಿನ ಮೇಲೆಯೇ ಜಾರುತ್ತ ನಿಲ್ಲುತ್ತದೆ.

ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಇದ್ದದ್ದು 6.00-16 ಟೈರ್, ಅಗಲ ಆರು ಅಂಗುಲ. ಕೊಡಚಾದ್ರಿಯ ಕಲ್ಲು ದಾರಿಯಲ್ಲಿ ಪ್ರವಾಸಿಗರನ್ನು ಹೊತ್ತೊಯ್ಯುವ ಹಳೆಯ ಬಾಡಿಗೆ ಜೀಪುಗಳೂ ಸಾಧಾರಣ ಅಗಲದ ಟೈರ್‌ಗಳಲ್ಲೇ ದಿನವೂ ಗುಡ್ಡ ಹತ್ತುತ್ತವೆ. 2023ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಜಿಮ್ನಿಯ ಮೂಲ ಟೈರ್ 195 ಮಿ.ಮೀ. ಅಗಲದ್ದು. ಅದನ್ನು ಕಂಡು ನಕ್ಕವರು ಹಲವರು. ಕೆಸರಿನಲ್ಲಿ ಅದು ಸಾಗುವುದನ್ನು ಕಂಡ ಮೇಲೆ ನಗು ಕಡಿಮೆಯಾಗಿದೆ. ಎತ್ತರ ಬೇಕೆನ್ನುವವರಿಗೆ 235/85 ಆರ್16ರಂತಹ, ಎತ್ತರ ಹೆಚ್ಚಿದ್ದು ಅಗಲ ಕಡಿಮೆಯಿರುವ ಅಳತೆಗಳು ಈ ಸೀಮೆಗೆ ಹೊಂದುತ್ತವೆ. ಆದರೆ ಅವು ನೋಡಲು ದಪ್ಪವಾಗಿಲ್ಲ! ಜುಟ್ಟಿಗೆ ಮಲ್ಲಿಗೆ ಬೇಕೆನ್ನುವ ಗಿರಾಕಿಗೆ ಅಂಗಡಿಯವನೂ ಮಲ್ಲಿಗೆಯನ್ನೇ ಮಾರುತ್ತಾನೆ.

ಗುಬುಟುಗಳ ವಿನ್ಯಾಸದ ಆಯ್ಕೆಯೂ ಹೀಗೆಯೇ. ಅಂಗಡಿಯವರ ಭಾಷೆಯಲ್ಲಿ ಎಂ.ಟಿ. ಎಂದರೆ ಕೆಸರಿನ ಟೈರ್, ಎ.ಟಿ. ಎಂದರೆ ಎಲ್ಲ ನೆಲಕ್ಕೂ ಒಗ್ಗುವುದು. ಎಂ.ಟಿ.ಯ ದೊಡ್ಡ ಗುಬುಟುಗಳ ನಡುವಿನ ಅಂತರ ಕೆಸರನ್ನು ಉಗುಳುತ್ತದೆ ನಿಜ. ಆದರೆ ಒದ್ದೆ ಡಾಂಬರಿನ ಮೇಲೆ ನೆಲ ಮುಟ್ಟುವ ರಬ್ಬರ್ ಕಡಿಮೆ, ಸದ್ದು ಹೆಚ್ಚು, ಸವೆತವೂ ಬೇಗ. ವರ್ಷದ ಬಹುಪಾಲು ಬೆಂಗಳೂರಿನ ವರ್ತುಲ ರಸ್ತೆಯಲ್ಲಿ ಓಡುವ ಗಾಡಿಗೆ ಎಂ.ಟಿ. ಹಾಕುವುದು ಮಳೆಗಾಲದ ಅಪಾಯವನ್ನು ಹಣ ಕೊಟ್ಟು ತಂದುಕೊಂಡಂತೆ. ಇನ್ನೊಂದು ಸಂಗತಿ: ಕಾಸಿಲ್ಲದೆ ಹಿಡಿತ ಹೆಚ್ಚಿಸುವ ಉಪಾಯವೂ ಇದೆ. ಮಣ್ಣಿನ ದಾರಿ ಮುಟ್ಟಿದಾಗ ಟೈರ್‌ನ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಟೈರ್ ಉದ್ದಕ್ಕೆ ಹರಡಿ ನೆಲವನ್ನು ಹೆಚ್ಚು ಹಿಡಿಯುತ್ತದೆ. ಡಾಂಬರು ರಸ್ತೆಗೆ ಮರಳುವ ಮೊದಲು ಮತ್ತೆ ತುಂಬಿಸಬೇಕು, ಅಷ್ಟೇ. ಅದಕ್ಕೆ ಬೇಕಾದ ಪುಟ್ಟ ಕಂಪ್ರೆಸರ್ ಒಂದು ಟೈರ್‌ನ ಬೆಲೆಗಿಂತ ಎಷ್ಟೋ ಅಗ್ಗ.

ಕಾನೂನಿನ ಕಣ್ಣಲ್ಲಿ

ಮೋಟಾರು ವಾಹನಗಳ ಕಾಯ್ದೆ, 1988ರ ಸೆಕ್ಷನ್ 52ರ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದು, ಹೈಕೋರ್ಟ್ ತೋರಿಸಿದ್ದ ಸಡಿಲಿಕೆಯನ್ನು ತಳ್ಳಿಹಾಕಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಇದು ಕಾಗದದ ಮೇಲಿನ ಬೆದರಿಕೆಯಷ್ಟೇ ಅಲ್ಲ. 2023ರಲ್ಲಿ ಶ್ರೀನಗರದ ನ್ಯಾಯಾಲಯವೊಂದು ಮಾರ್ಪಡಿಸಿದ ಥಾರ್‌ನ ಮಾಲೀಕನಿಗೆ ಆರು ತಿಂಗಳ ಸಜೆ ವಿಧಿಸಿ, ಸನ್ನಡತೆಯ ಬಾಂಡ್ ಬರೆಸಿಕೊಂಡು ಬಿಟ್ಟಿತ್ತು; ವಾಹನವನ್ನು ಮೂಲ ಸ್ಥಿತಿಗೆ ತರಲೂ ಸೂಚಿಸಿತ್ತು.

ತೊಡಕಿರುವುದು ಬೇರೆಡೆ. ಅದೇ ಸೆಕ್ಷನ್ 52ರ ವಿವರಣೆಯಲ್ಲಿ ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನಾತ್ಮಕ ಬದಲಾವಣೆ ಎಂದಿದೆ. ಚಾಸಿಯ ಮೇಲೆ ಬಾಡಿಯನ್ನು ಎತ್ತರಿಸುವುದು ಇದಕ್ಕೆ ಸೇರುತ್ತದೆ ಎಂಬುದರಲ್ಲಿ ಹೆಚ್ಚು ವಾದಕ್ಕೆ ಎಡೆಯಿಲ್ಲ. ಆದರೆ ಒಂದು ಅಳತೆ ದೊಡ್ಡದಾದ ಟೈರ್? ಸರಕು ಸಾಗಣೆಗೆ ನೋಂದಾಯಿಸಿದ ಪಿಕಪ್ ಆದರೆ ಉತ್ತರ ಸುಲಭ. ಅಂತಹ ವಾಹನಗಳ ನೋಂದಣಿ ನಮೂನೆಯಲ್ಲೇ ಪ್ರತಿ ಆಕ್ಸಲ್‌ನ ಟೈರ್‌ಗಳ ಸಂಖ್ಯೆ ಮತ್ತು ಗಾತ್ರ ನಮೂದಾಗಿರುತ್ತದೆ. ಖಾಸಗಿ ಜೀಪಿನ ವಿಷಯದಲ್ಲಿ ತೀರ್ಮಾನ ರಸ್ತೆಬದಿಯಲ್ಲಿ ತಡೆದ ಅಧಿಕಾರಿಯ ಕಣ್ಣಳತೆಗೆ ಬಿಟ್ಟದ್ದಾಗುತ್ತದೆ. ಒಂದು ಚೆಕ್‌ಪೋಸ್ಟಿನಲ್ಲಿ ದಂಡ, ಮುಂದಿನದರಲ್ಲಿ ಸಲಾಮು.

ಆಸ್ಟ್ರೇಲಿಯಾ ಇದೇ ಸಮಸ್ಯೆಯನ್ನು ಒಂದು ಅಂಕಿಯಿಂದ ಬಗೆಹರಿಸಿಕೊಂಡಿದೆ. ಅಲ್ಲಿನ ಮಾರ್ಪಾಡು ಸಂಹಿತೆಯ ಪ್ರಕಾರ ಆಫ್‌ರೋಡ್ ವಾಹನದ ಟೈರ್, ತಯಾರಕರು ಸೂಚಿಸಿದ ಅತಿ ದೊಡ್ಡ ಟೈರ್‌ಗಿಂತ ವ್ಯಾಸದಲ್ಲಿ 50 ಮಿ.ಮೀ. ವರೆಗೆ ಹೆಚ್ಚಿರಬಹುದು. ಅದನ್ನು ದಾಟಿದರೆ ಎಂಜಿನಿಯರ್ ತಪಾಸಣೆ ಬೇಕು. ಈ ಗೆರೆಯನ್ನು ಥಾರ್‌ಗೆ ಎಳೆದರೆ 33 ಅಂಗುಲದ ಟೈರ್ ಕೂದಲೆಳೆಯ ಅಂತರದಲ್ಲಿ ಒಳಗೆ ಉಳಿಯುತ್ತದೆ, 35 ಅಂಗುಲದ್ದು ಹೊರಗೆ ಬೀಳುತ್ತದೆ. ಎಂಜಿನಿಯರಿಂಗ್ ಲೆಕ್ಕ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಪರೀಕ್ಷೆ ನಡೆಸಲು ಪುಣೆಯ ಎಆರ್‌ಎಐನಂತಹ ಸಂಸ್ಥೆಗಳು ನಮ್ಮಲ್ಲೂ ಇವೆ. ಎಲ್ಲವನ್ನೂ ನಿಷೇಧಿಸಿ ಯಾವುದನ್ನೂ ಅಳೆಯದಿರುವ ವ್ಯವಸ್ಥೆಯಲ್ಲಿ 33 ಹಾಕಿದವನೂ 35 ಹಾಕಿದವನೂ ಸಮಾನ ಅಪರಾಧಿಗಳಾಗುವುದರಿಂದ, ಹೇಗೂ ತಪ್ಪೇ ಎಂದ ಮೇಲೆ ದೊಡ್ಡದನ್ನೇ ಹಾಕೋಣ ಎನ್ನುವವರು ಹೆಚ್ಚುತ್ತಾರೆ.

ಮಾರುಕಟ್ಟೆಯ ಸ್ಥಿತಿಯೂ ಗಮನಾರ್ಹ. 2020ರ ಜೂನ್‌ನಲ್ಲಿ ಕೇಂದ್ರವು ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಬಳಿಕ, ಇಲ್ಲಿ ತಯಾರಾಗದ ದೊಡ್ಡ ಅಳತೆಗಳು ವಿರಳವಾದವು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ಕೊಳ್ಳುವವರಿಗೆ ಒಂದಿಷ್ಟು ನಿರಾಳ. ವಿರಳವಾದ ಸರಕಿನಲ್ಲಿ ಹಳೆಯ ದಾಸ್ತಾನು ಸೇರಿಕೊಳ್ಳುವ ಸಂಭವ ಹೆಚ್ಚು. ಟೈರ್‌ನ ಪಕ್ಕದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಅಲ್ಲೇ ಭಾರ ಸೂಚ್ಯಂಕವೂ ಇರುತ್ತದೆ: 112 ಎಂದರೆ ಒಂದು ಟೈರ್ 1,120 ಕೆ.ಜಿ. ಹೊರಬಲ್ಲದು. ಇದು ಮೂಲ ಟೈರ್‌ನ ಸೂಚ್ಯಂಕಕ್ಕಿಂತ ಕಡಿಮೆಯಾಗಕೂಡದು. ವಿಮೆ ಕಂಪೆನಿಗೆ ಬದಲಾವಣೆಯನ್ನು ತಿಳಿಸದಿದ್ದರೆ ಅಪಘಾತದ ನಂತರ ಸ್ವಂತ ಹಾನಿಯ ಪರಿಹಾರಕ್ಕೆ ಕುತ್ತು ಬರಬಹುದು.

ಕೊಳ್ಳುವವರು ಸಾಮಾನ್ಯವಾಗಿ ನಾಲ್ಕು ಟೈರ್‌ಗಳ ಬೆಲೆ ಕೇಳುತ್ತಾರೆ. ಬೇಕಾದದ್ದು ಐದು. ನಾಲ್ಕು ಚಕ್ರ ಎಳೆತದ ವಾಹನದಲ್ಲಿ ಒಂದು ಚಕ್ರದ ವ್ಯಾಸ ಬೇರೆಯಾದರೆ ಹೊರೆ ಬೀಳುವುದು ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸ್ ಮೇಲೆ. ಆ ಐದನೆಯದನ್ನು ಹೊರಬೇಕಾದದ್ದು ಹಿಂಬಾಗಿಲಿನ ಕೀಲು, ಅದನ್ನು ರೂಪಿಸಿದ್ದು ಹಗುರವಾದ ಮೂಲ ಚಕ್ರಕ್ಕಾಗಿ. ಇನ್ನು ಕಳಚಿದ ಹಳೆಯ ಟೈರ್‌ಗಳನ್ನು ಬಹಳಷ್ಟು ಮಂದಿ ಅಂಗಡಿಯಲ್ಲೇ ವಿನಿಮಯಕ್ಕೆ ಬಿಟ್ಟುಬರುತ್ತಾರೆ. ವಾಹನವನ್ನು ಮೂಲ ಸ್ಥಿತಿಗೆ ತಂದು ತೋರಿಸುವಂತೆ ಸಾರಿಗೆ ಕಚೇರಿಯಿಂದ ನೋಟಿಸ್ ಬಂದಾಗ ಅವೇ ಟೈರ್‌ಗಳನ್ನು ಹೊಸದರ ಬೆಲೆಗೆ ಮತ್ತೊಮ್ಮೆ ಕೊಳ್ಳಬೇಕಾಗುತ್ತದೆ.