ಮುಗಿಸಲಿಕ್ಕೆ ಹದಿನೈದು ನಿಮಿಷ

ಕರೆಂಟ್ ಹೋದರೆ ಫ್ಯಾನು ನಾಲ್ಕು ಸುತ್ತು ಹೆಚ್ಚಿಗೆ ತಿರುಗಿ ನಿಲ್ಲುತ್ತದೆ. ಫ್ರಿಜ್ಜಿನ ತಂಪು ಒಂದೆರಡು ಗಂಟೆ ಹಾಗೇ ಇರುತ್ತದೆ. ಕಂಪ್ಯೂಟರಿಗೆ ಮಾತ್ರ ಅಷ್ಟು ಸಾವಧಾನವಿಲ್ಲ. ಅದರ ರ‍್ಯಾಮ್‌ನಲ್ಲಿ ಇರುವುದೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಕೆಪಾಸಿಟರುಗಳಲ್ಲಿ ತುಂಬಿಟ್ಟ ವಿದ್ಯುತ್ತು. ಅದು ಸದಾ ಸೋರುತ್ತಿರುತ್ತದೆ. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಅದಕ್ಕೂ ಮುಂಚಿನ ಕಂಪ್ಯೂಟರುಗಳಲ್ಲಿ ಪುಟ್ಟ ಕಾಂತದ ಉಂಗುರಗಳನ್ನು ತಂತಿಗೆ ಪೋಣಿಸಿದ ಕೋರ್ ಮೆಮೊರಿ ಇತ್ತು. ವಿದ್ಯುತ್ ಹೋದರೂ ಅದು ಬರೆದದ್ದನ್ನು ಮರೆಯುತ್ತಿರಲಿಲ್ಲ. ಅಗ್ಗವೂ ಚುರುಕೂ ಆದ ನೆನಪು ಬೇಕೆಂದು ನಾವು ಮರೆವಿನ ಯಂತ್ರವನ್ನೇ ಒಪ್ಪಿಕೊಂಡೆವು. ಮೇಜಿನ ಕೆಳಗೆ ಕೂತು ಕೀಂಯ್ ಎನ್ನುವ ಯುಪಿಎಸ್ಸು ಆ ಒಪ್ಪಂದದ ಬಾಕಿ.

ಗೋಡೆಯಲ್ಲಿ ಬರುವ ಕರೆಂಟಿನ ಒಂದು ಆವರ್ತಕ್ಕೆ ನಮ್ಮಲ್ಲಿ 20 ಮಿಲಿಸೆಕೆಂಡು. ಕಂಪ್ಯೂಟರಿನೊಳಗೆ ಆ ಕರೆಂಟನ್ನು ಹದಗೊಳಿಸಿ ಕೊಡುವ ಎಸ್‌ಎಂಪಿಎಸ್ ಚೆನ್ನಾಗಿದ್ದರೆ ಹೊರಗಿನಿಂದ ಏನೂ ಬಾರದಿದ್ದರೂ ಹದಿನೈದು ಹದಿನಾರು ಮಿಲಿಸೆಕೆಂಡು ತಡೆದುಕೊಳ್ಳುತ್ತದೆ. ಮನೆಬಳಕೆಯ ಯುಪಿಎಸ್ ಹತ್ತು ಮಿಲಿಸೆಕೆಂಡಿನೊಳಗೆ ಟಕ್ ಎಂದು ಬ್ಯಾಟರಿಗೆ ಹೊರಳುತ್ತದೆ. ಇಡೀ ವ್ಯವಹಾರ ನಿಂತಿರುವುದು ಆ ಐದಾರು ಮಿಲಿಸೆಕೆಂಡುಗಳ ಅಂತರದ ಮೇಲೆ.

ಅಲ್ಲಿಂದ ಮುಂದಿನ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್‌ನೊಳಗೆ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಒಂದು ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಗುಣಿಸಿದರೆ 84 ವಾಟ್-ಗಂಟೆ. ಕಂಪ್ಯೂಟರೂ ಮಾನಿಟರೂ ಸೇರಿ 120 ವಾಟ್ ಎಳೆದರೆ ಕಾಗದದ ಮೇಲೆ ನಲವತ್ತು ನಿಮಿಷ ಬರಬೇಕು. ಬರುವುದಿಲ್ಲ. ಆ 7 ಎಂಬ ಅಂಕಿ ಬ್ಯಾಟರಿಯನ್ನು ಇಪ್ಪತ್ತು ಗಂಟೆ ಕಾಲ ನಿಧಾನವಾಗಿ ಬರಿದು ಮಾಡಿದರೆ ಸಿಗುವ ಅಳತೆ. ಹತ್ತು ಹನ್ನೆರಡು ಆಂಪಿಯರು ಒಟ್ಟಿಗೆ ಎಳೆದರೆ ಅದರಲ್ಲಿ ಅರ್ಧದಷ್ಟು ಸಿಕ್ಕರೆ ಪುಣ್ಯ. ಸೀಸದ ಬ್ಯಾಟರಿಯ ಈ ಸ್ವಭಾವವನ್ನು ಜರ್ಮನಿಯ ಪೊಯ್ಕರ್ಟ್ 1897ರಲ್ಲೇ ಸೂತ್ರ ಮಾಡಿ ಹೇಳಿದ. ಯುಪಿಎಸ್ ತನ್ನೊಳಗೇ ತಿನ್ನುವ ಪಾಲನ್ನೂ ಕಳೆದರೆ ಹದಿನೈದು ನಿಮಿಷ. ಅದೂ ಬ್ಯಾಟರಿ ಹೊಸದಾಗಿದ್ದಾಗ.

ಹದಿನೈದು ನಿಮಿಷ ಕೆಲಸ ಮುಂದುವರಿಸಲಿಕ್ಕೆ ತೀರಾ ಕಡಿಮೆ, ಮುಗಿಸಲಿಕ್ಕೆ ಬೇಕಾದ್ದಕ್ಕಿಂತ ಹೆಚ್ಚು. ಯುಪಿಎಸ್ ಇರುವುದು ಮುಗಿಸಲಿಕ್ಕೆ ಎಂದು ನಾನು ವಾದಿಸುತ್ತೇನೆ. ನಮ್ಮ ಮನೆಗಳ ರೂಢಿ ಬೇರೆ. ಬೀಪ್ ಶುರುವಾದ ಕೂಡಲೇ ಕಿಟಕಿಯಿಂದ ಇಣುಕಿ, ಎದುರು ಮನೆಯಲ್ಲೂ ಇಲ್ಲ ಎಂದು ಸಮಾಧಾನ ಪಟ್ಟು, "ಈಗ ಬರುತ್ತೆ ಬಿಡಿ" ಎಂದು ಟೈಪು ಮುಂದುವರಿಸುವುದು. ಎಷ್ಟೋ ಸಲ ಬರುತ್ತದೆ ಕೂಡ. ಅದರಿಂದಲೇ ಅಭ್ಯಾಸ ಕೆಟ್ಟಿರುವುದು. ಪೆಟ್ಟಿಗೆಯಲ್ಲಿ ಯುಎಸ್‌ಬಿ ಕೇಬಲ್ ಬಂದಿದ್ದರೆ ಅದನ್ನು ಕಂಪ್ಯೂಟರಿಗೆ ಚುಚ್ಚಿ, ಬ್ಯಾಟರಿ ಇಷ್ಟಕ್ಕಿಳಿದರೆ ತಾನೇ ಶಟ್‌ಡೌನ್ ಆಗು ಎಂದು ಹೇಳಿಡಬಹುದು. ಯಂತ್ರಕ್ಕೆ ನಮ್ಮ ಹಾಗೆ ಆಸೆ ಇರುವುದಿಲ್ಲ. ಆದರೆ ನಾನು ನೋಡಿದ ಬಹುಪಾಲು ಮನೆಗಳಲ್ಲಿ ಆ ಕೇಬಲ್ ಥರ್ಮೊಕೋಲಿನ ಜೊತೆ ಅಟ್ಟ ಸೇರಿರುತ್ತದೆ.

ಕರೆಂಟ್ ಕೈಕೊಡುವುದು ಎಲ್ಲಿ ಎಂಬುದನ್ನೂ ನೋಡಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿದ್ದಾಗ ದಕ್ಷಿಣದ ದೀಪಗಳು ಉರಿಯುತ್ತಿದ್ದವು. ಆಗಿನ್ನೂ ನಮ್ಮ ಗ್ರಿಡ್ ಉಳಿದವುಗಳ ಜೊತೆ ಒಂದೇ ತಾಳದಲ್ಲಿ ಬೆಸೆದಿರಲಿಲ್ಲ. 2013ರ ಕೊನೆಯ ದಿನ ರಾಯಚೂರು-ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ಆ ಬೆಸುಗೆ ಆಯಿತು. ಇವೆಲ್ಲ ದೊಡ್ಡ ಸಂಗತಿಗಳು. ಆದರೆ ನಿಮ್ಮ ಅರ್ಧ ಬರೆದ ಪತ್ರವನ್ನು ನುಂಗುವುದು ಮೂಲೆಯ ಟ್ರಾನ್ಸ್‌ಫಾರ್ಮರಿನ ಫ್ಯೂಸು, ಮೊದಲ ಮಳೆಗೆ ತಂತಿಯ ಮೇಲೆ ಒರಗಿದ ಕೊಂಬೆ. ಪತ್ರಿಕೆಯಲ್ಲಿ 'ಇಂದು ವಿದ್ಯುತ್ ವ್ಯತ್ಯಯ' ಎಂದು ಬರುವ ಬಡಾವಣೆಗಳ ಪಟ್ಟಿ ಎಷ್ಟೋ ವಾಸಿ. ಹೇಳಿ ಹೋಗುವ ಕರೆಂಟಿಗೆ ಯುಪಿಎಸ್ಸೇ ಬೇಡ.

ಮನೆಗೆ ಇನ್ವರ್ಟರ್ ಇದೆಯಲ್ಲ, ಇದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯ ಎದುರು ನಮ್ಮ 7ರದ್ದು ಏನೂ ಅಲ್ಲ. ಹಲವು ಇನ್ವರ್ಟರುಗಳ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ಚೂ ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ, ಕಂಪ್ಯೂಟರ್ ಸಾಮಾನ್ಯವಾಗಿ ಆರುವುದಿಲ್ಲ. ಹಾಕದಿದ್ದರೆ ದೀಪ ಒಮ್ಮೆ ಮಿನುಗುವಷ್ಟರಲ್ಲಿ ಕಂಪ್ಯೂಟರ್ ಮರುಹುಟ್ಟು ಪಡೆದಿರುತ್ತದೆ. ಲ್ಯಾಪ್‌ಟಾಪಿನವರಿಗೆ ಈ ಚರ್ಚೆಯೇ ಇಲ್ಲ, ಅವರ ಯುಪಿಎಸ್ ಹೊಟ್ಟೆಯೊಳಗೇ ಇದೆ. ಲೇಸರ್ ಪ್ರಿಂಟರನ್ನು ಮಾತ್ರ ದಯವಿಟ್ಟು ಯುಪಿಎಸ್‌ಗೆ ಚುಚ್ಚಬೇಡಿ: ಕಾಗದಕ್ಕೆ ಪುಡಿಯನ್ನು ಅಂಟಿಸಲು ಅದರ ಫ್ಯೂಸರ್ ಕಾಯುವಾಗ ಎಳೆಯುವ ವಿದ್ಯುತ್ತು ಈ ಪುಟ್ಟ ಪೆಟ್ಟಿಗೆಯ ಶಕ್ತಿ ಮೀರಿದ್ದು.

ನಿಜವಾದ ತೊಂದರೆ ಬ್ಯಾಟರಿ ಸದ್ದಿಲ್ಲದೆ ಸಾಯುವುದು. ಸೀಸ-ಆಮ್ಲದ ಬ್ಯಾಟರಿಗೆ 25 ಡಿಗ್ರಿ ಹಿತ; ಅದರ ಮೇಲೆ ಸುಮಾರು ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನವರ ಲೆಕ್ಕ. ಕಲಬುರಗಿಯ ಏಪ್ರಿಲ್ಲಿನಲ್ಲಿ, ಗಾಳಿಯಾಡದ ಮೇಜಿನ ಕೆಳಗೆ, ಧೂಳಿನ ಮಧ್ಯೆ ಅದು ಎಷ್ಟು ದಿನ ಬಾಳೀತು? ಎರಡು ಮೂರು ವರ್ಷಕ್ಕೆ ಬದಲಿಸಬೇಕಾಗುವುದು ಮಾಮೂಲು. ಹಲವು ಅಗ್ಗದ ಯುಪಿಎಸ್‌ಗಳಲ್ಲಿ ಹಸಿರು ದೀಪ ಮಾತ್ರ ಕೊನೆಯವರೆಗೂ ಉರಿಯುತ್ತಿರುತ್ತದೆ, ಏಕೆಂದರೆ ಅದು ಹೇಳುವುದು ಗೋಡೆಯಲ್ಲಿ ಕರೆಂಟ್ ಇದೆ ಎಂದಷ್ಟೇ. ಎರಡು ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಸೇವ್ ಮಾಡಿ, ನಾವೇ ಸ್ವಿಚ್ ಆರಿಸಿ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುವುದೊಂದೇ ದಾರಿ. ಐದು ನಿಮಿಷಕ್ಕಿಂತ ಕಡಿಮೆ ಬಂದರೆ ಬ್ಯಾಟರಿ ಬದಲಿಸಿ. ಇಡೀ ಯುಪಿಎಸ್ ಎಸೆಯಬೇಕಿಲ್ಲ.

ತೆಗೆದ ಬ್ಯಾಟರಿ ಎರಡು ಕಿಲೋ ತೂಗುತ್ತದೆ, ಅದರಲ್ಲಿ ಬಹುಪಾಲು ಸೀಸ. ಗುಜರಿಯವರು ಸಂತೋಷದಿಂದ ಒಯ್ಯುತ್ತಾರೆ. ಆದರೆ ಅಲ್ಲಿಂದ ಅದು ಯಾವುದೋ ಹಿತ್ತಲಿನ ಕುಲುಮೆಗೆ ಹೋಗಿ ಕರಗಿದರೆ, ಆ ಹೊಗೆ ಸುತ್ತಲಿನ ಮಕ್ಕಳ ಮೆದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಮರಳಿ ಪಡೆದು ಸರಿಯಾಗಿ ಸಂಸ್ಕರಿಸುವ ಹೊಣೆ ತಯಾರಕರದು. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು ಬಿಲ್ಲಿನಲ್ಲಿ ಎಷ್ಟು ಕಳೆಯುತ್ತೀರಿ ಎಂದು ಕೇಳಿ, ಸಾಮಾನ್ಯವಾಗಿ ಕಳೆಯುತ್ತಾರೆ.