ಒಲೆ ಸಿಮ್ ಮಾಡುವ ಹಕ್ಕು

ಸೌದೆ ಒಲೆಯ ಸಾರಿನ ರುಚಿ ಗ್ಯಾಸಿಗೆ ಬರುವುದಿಲ್ಲ ಎಂಬ ವಾಕ್ಯವನ್ನು ಕನ್ನಡದ ಲಲಿತ ಪ್ರಬಂಧಕಾರರು ಇನ್ನಾದರೂ ಸಾಕು ಮಾಡಬೇಕು. ಸಂಶೋಧನೆಯ ನೆಪದಲ್ಲಿ ನಾನು ಇಂಥ ಪ್ರಬಂಧಗಳನ್ನು ಗುಡ್ಡೆ ಹಾಕಿಕೊಂಡು ಓದಿದ್ದೇನೆ. ಎಲ್ಲದರಲ್ಲೂ ಮಣ್ಣಿನ ಒಲೆ ಇದೆ, ಮಡಕೆ ಇದೆ, ಮಾಡಿನ ಸಂದಿಯಿಂದ ಏಳುವ ನೀಲಿ ಹೊಗೆ ಇದೆ, ಊದುಗೊಳವೆ ಹಿಡಿದ ಅಜ್ಜಿ ಇದ್ದಾಳೆ. ಬರೆಯುವವರು ಎಲ್ಲಿದ್ದಾರೆಂದು ಹುಡುಕಿದರೆ ಸಾಮಾನ್ಯವಾಗಿ ತಟ್ಟೆಯ ಮುಂದೆ ಸಿಗುತ್ತಾರೆ. ಒಲೆಯ ಮುಂದೆ ಕೂತವರು ಆ ಪ್ರಬಂಧ ಬರೆದದ್ದು ಕಡಿಮೆ. ಬರೆದಿದ್ದರೆ ಘಮದ ಬಗ್ಗೆ ಒಂದು ಸಾಲು, ಕಣ್ಣಿನ ಬಗ್ಗೆ ಹತ್ತು ಸಾಲು ಇರುತ್ತಿತ್ತು.

ನಾನಿರುವ ಮಾರತ್ತಹಳ್ಳಿಯಲ್ಲಿ ಈ ಘಮಕ್ಕೆ ಈಗ ರೇಟು ಕಟ್ಟಿದ್ದಾರೆ. ಹೊರವರ್ತುಲ ರಸ್ತೆಯ ಕಡೆ ಕಟ್ಟಿಗೆಯ ಉರಿಯಲ್ಲಿ ಸುಟ್ಟ ಪಿಜ್ಜಾ ಎಂದು ಬೋರ್ಡಿನಲ್ಲೇ ಬರೆದುಕೊಂಡ ಹೋಟೆಲುಗಳಿವೆ. ಅಲ್ಲಿ ಹೊಗೆ ಒಂದು ರುಚಿ. ಅಲ್ಲಿಂದ ಮುನ್ನೇಕೊಳಾಲದ ಕಡೆ ನಡೆದರೆ ನೀಲಿ ಟಾರ್ಪಾಲಿನ ಶೆಡ್ಡುಗಳ ಮುಂದೆ ಮೂರು ಸಿಮೆಂಟ್ ಇಟ್ಟಿಗೆ ಇಟ್ಟು, ಸೆಂಟ್ರಿಂಗ್ ಹಲಗೆಯ ಚೂರು, ಪ್ಲೈವುಡ್ ತುಂಡು ಉರಿಸಿ ಅನ್ನ ಬೇಯಿಸುತ್ತಾರೆ. ಆ ಪ್ಲೈವುಡ್ಡಿನಲ್ಲಿ ಅಂಟು ಇದೆ, ಹಲಗೆಗೆ ಬಣ್ಣ ಹತ್ತಿದೆ. ಅಲ್ಲಿ ಹೊಗೆ ಬಡತನ. ಎರಡೂ ಕಡೆ ಉರಿಯುವುದು ಕಟ್ಟಿಗೆಯೇ. ಒಂದು ಕಡೆ ಉರಿಯ ಮುಂದೆ ನಿಲ್ಲಲು ಸಂಬಳ ಇದೆ, ಹೊಗೆ ಎಳೆಯಲು ಚಿಮಣಿ ಇದೆ. ಇನ್ನೊಂದು ಕಡೆ ಎರಡೂ ಇಲ್ಲ.

ಒಲೆಯನ್ನು ರುಚಿಯ ವಿಷಯವಾಗಿ, ಹಳ್ಳಿಯ ನೆನಪಾಗಿ, ತಾಯ್ತನದ ರೂಪಕವಾಗಿ ಮಾತಾಡಿದ್ದು ಸಾಕು. ಅದು ಹಿಡಿತದ ವಿಷಯ. ಉರಿಯನ್ನು ಬೇಕೆಂದಾಗ ಏರಿಸಿ, ಬೇಡವೆಂದಾಗ ತಗ್ಗಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಒಲೆಯ ರಾಜಕೀಯ. ನಮ್ಮ ಅಡುಗೆಮನೆಗಳು ಇದಕ್ಕೆ ಸರಳವಾದ ಒಂದು ಪದ ಕಂಡುಕೊಂಡಿವೆ: ಸಿಮ್. ‘ಹಾಲು ಇಟ್ಟಿದೀನಿ, ಸಿಮ್ ಮಾಡು’ ಎನ್ನುವಷ್ಟು ಸಲೀಸಾಗಿ ನಾವು ಬಳಸುವ ಈ ಪದದ ಹಿಂದೆ ಎಷ್ಟು ಶ್ರಮ ಅಡಗಿದೆ ಎಂದು ನೋಡೋಣ.

ಸೌದೆ ಒಲೆಯಲ್ಲಿ ಸಿಮ್ ಮಾಡುವುದೆಂದರೆ ಕೊಳ್ಳಿಯನ್ನು ಹೊರಗೆಳೆಯುವುದು, ಕೆಂಡವನ್ನು ಹರಡುವುದು, ಪಾತ್ರೆಯನ್ನು ಪಕ್ಕದೊಲೆಗೆ ಸರಿಸುವುದು. ರಾಗಿ ಮುದ್ದೆಗೆ ಮೊದಲು ಎಸರು ಮರಳುವಷ್ಟು ಜೋರು ಉರಿ ಬೇಕು. ಹಿಟ್ಟು ಹಾಕಿದ ಮೇಲೆ ಅದು ಬೇಯುವಷ್ಟು ಮಾತ್ರ ಸಾಕು. ಆಮೇಲೆ ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು ತಿರುವುವಾಗ ಒಲೆ ಅಲುಗಬಾರದು. ಜೋಳದ ರೊಟ್ಟಿಗೆ ಹಂಚಿನ ಕೆಳಗೆ ಒಂದೇ ಸಮ ಉರಿ ಬೇಕು, ಉಬ್ಬಿಸಲು ಒಲೆಬಾಯಿಯಲ್ಲಿ ಕೆಂಡ ಬೇಕು. ಇದನ್ನು ಯಾವ ಮೀಟರೂ ಇಲ್ಲದೆ ಕಣ್ಣಳತೆಯಲ್ಲಿ ಮಾಡುವವಳು ದಹನಕ್ರಿಯೆಯ ಪರಿಣತೆ. ಅವಳ ಪ್ರಯೋಗಶಾಲೆಗೆ ಕಿಟಕಿ ಇರಲಿಲ್ಲ, ಅಷ್ಟೇ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂದರೆ ಸೌದೆ ಒಲೆಯಲ್ಲಿ ಹಿಡಿತ ಅವಳ ಕೈಯಲ್ಲಿತ್ತು, ಬೆಲೆಯನ್ನು ಅವಳ ಶ್ವಾಸಕೋಶ ತೆತ್ತಿತು.

ಬೆಂಗಳೂರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಗ್ರಾಮಗಳಿಗೆ ಬೇಕಾದ ವಿಜ್ಞಾನ, ತಂತ್ರಜ್ಞಾನ ಅದರ ಗುರಿ. ಅಲ್ಲಿಂದ ಬಂದದ್ದೇ ಮೂರು ಪಾತ್ರೆಯ, ಜಾಲರಿ ಮತ್ತು ಹೊಗೆಕೊಳವೆಯಿರುವ ಅಸ್ತ್ರ ಒಲೆ. ಮೊದಲ ಪಾತ್ರೆಗೆ ಜೋರು ಉರಿ, ಮೂರನೆಯದಕ್ಕೆ ಮಂದ ಶಾಖ. ಪಾತ್ರೆ ಸರಿಸಿ ಉರಿ ಹದಮಾಡುವ ಹಳೆಯ ಜಾಣ್ಮೆಯೇ ಅದರ ವಿನ್ಯಾಸದಲ್ಲಿ ಕೂತಿತ್ತು. ಆದರೆ ಅದು ಕಟ್ಟಿದ ಒಲೆ. ಸ್ವಂತ ಗೋಡೆ, ಸ್ವಂತ ಮಾಡು ಇದ್ದವರಿಗೆ ಮಾತ್ರ ದಕ್ಕುವಂಥದ್ದು. 1980ರ ದಶಕದ ಮಧ್ಯದಿಂದ 2002ರವರೆಗೆ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿಸಿತು. ಹಾಕಿಸಿದ ಒಲೆಯ ಲೆಕ್ಕ ಕಡತದಲ್ಲಿದೆ. ಐದು ವರ್ಷದ ಮೇಲೂ ಉರಿಯುತ್ತಿದ್ದ ಒಲೆಯ ಲೆಕ್ಕ ಇಡುವ ಉತ್ಸಾಹ ಅಷ್ಟಿರಲಿಲ್ಲ.

ಆಮೇಲೆ ಬಂದದ್ದು ಪೆಲೆಟ್ ಒಲೆ. ನನ್ನ ವಾದದ ತಿರುಳು ಇರುವುದು ಇಲ್ಲಿ. ವಿಜ್ಞಾನ ಸಂಸ್ಥೆಯಲ್ಲಿ ರಾಕೆಟ್ ದಹನದ ಮೇಲೂ ಕೆಲಸ ಮಾಡಿದ ಎಚ್.ಎಸ್. ಮುಕುಂದ ಮತ್ತು ಅವರ ತಂಡ ರೂಪಿಸಿದ ತಂತ್ರವನ್ನು ಬಿಪಿ ಎಂಬ ಬಹುರಾಷ್ಟ್ರೀಯ ತೈಲ ಕಂಪನಿ 2006ರಲ್ಲಿ ‘ಊರ್ಜಾ’ ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಕಬ್ಬಿನ ಸಿಪ್ಪೆ, ಕಡಲೆಕಾಯಿ ಸಿಪ್ಪೆಯಂಥ ಕೃಷಿ ತ್ಯಾಜ್ಯವನ್ನು ಒತ್ತಿ ಮಾಡಿದ ಬೆರಳು ಗಾತ್ರದ ತುಂಡುಗಳೇ ಪೆಲೆಟ್. ಒಲೆಯೊಳಗೆ ಅರ್ಧ ಕಿಲೋಗಿಂತ ತುಸು ಹೆಚ್ಚು ಪೆಲೆಟ್ ತುಂಬಿ ಮೇಲಿನಿಂದ ಹೊತ್ತಿಸಬೇಕು. ಬ್ಯಾಟರಿಯ ಪುಟ್ಟ ಫ್ಯಾನು ಕೆಳಗಿನಿಂದ ಗಾಳಿ ಊದುತ್ತದೆ. ಬೆಂಕಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತ ಪೆಲೆಟ್ಟನ್ನು ಅನಿಲವಾಗಿಸುತ್ತದೆ. ಆ ಅನಿಲ ಮೇಲೇರಿ ಬಾಯಂಚಿನ ತೂತುಗಳಿಂದ ಬರುವ ಎರಡನೆಯ ಗಾಳಿಗೆ ಸಿಕ್ಕು ಉರಿಯುತ್ತದೆ. ಹೊಗೆ ಹೊರಬರುವ ಮೊದಲೇ ಸುಟ್ಟುಹೋಗುತ್ತದೆ.

ಇದರಲ್ಲಿ ಉರಿ ತಗ್ಗಿಸುವುದು ಹೇಗೆ? ಗ್ಯಾಸಿನಲ್ಲಿ ಇಂಧನವನ್ನು ಕಡಿಮೆ ಮಾಡುತ್ತೇವೆ. ಸೌದೆಯಲ್ಲೂ ಕೊಳ್ಳಿ ಎಳೆದು ಇಂಧನವನ್ನೇ ಕಡಿಮೆ ಮಾಡುತ್ತೇವೆ. ಪೆಲೆಟ್ ಒಲೆಯಲ್ಲಿ ಇಂಧನ ಮೊದಲೇ ಒಳಗೆ ಬಿದ್ದಾಗಿದೆ, ಹೊರಗೆಳೆಯಲಾಗದು. ಕಡಿಮೆ ಮಾಡಬಹುದಾದದ್ದು ಗಾಳಿಯನ್ನು. ಫ್ಯಾನಿನ ವೇಗ ಇಳಿಸಿದರೆ ಅನಿಲ ಹುಟ್ಟುವುದು ನಿಧಾನವಾಗುತ್ತದೆ, ಉರಿ ಸಣ್ಣದಾಗುತ್ತದೆ. ಊರ್ಜಾ ಒಲೆಗೆ ಇದ್ದದ್ದು ಎರಡು ಮಟ್ಟ: ಜೋರು, ಮಂದ. ನಡುವೆ ಪೆಲೆಟ್ ಮುಗಿದರೆ ಮೇಲೆ ಸುರಿಯುವಂತಿಲ್ಲ, ಹೊಗೆ ಏಳುತ್ತದೆ. ಉರಿಯುವುದು ಸುಮಾರು ಒಂದು ಗಂಟೆ. ಆದ್ದರಿಂದ ಇಂದು ಎಷ್ಟು ಜನಕ್ಕೆ ಅಡುಗೆ, ಏನು ಅಡುಗೆ ಎಂದು ಹೊತ್ತಿಸುವ ಮೊದಲೇ ಅಳೆದು ತುಂಬಬೇಕು. ಅಡುಗೆ ಬೇಗ ಮುಗಿದರೂ ಒಲೆ ತನ್ನ ಪಾಡಿಗೆ ಉರಿಯುತ್ತದೆ, ನೆಂಟರು ಬಂದರೆ ಕಾಯಬೇಕು. ರೊಟ್ಟಿ ಉಬ್ಬಿಸಲು ಒಲೆಬಾಯಿಯೇ ಇಲ್ಲ. ಆದರೂ ಇದು ದೊಡ್ಡ ಸಾಧನೆ. ಸೌದೆಗೂ ಗ್ಯಾಸಿಗೂ ನಡುವೆ ಒಂದು ಮೆಟ್ಟಿಲು. ಹೊಗೆ ತೀರ ಕಡಿಮೆ, ಹೊತ್ತು ಓಡಾಡಬಹುದು, ಗೋಡೆಯೂ ವಿಳಾಸವೂ ಬೇಡ.

ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡುಗಳಲ್ಲಿ ಸುಮಾರು ನಾಲ್ಕು ಲಕ್ಷ ಒಲೆ ಮಾರಾಟವಾದವು. ಕೆಲವೇ ವರ್ಷಗಳಲ್ಲಿ ಬಹುಪಾಲು ಮನೆಗಳಲ್ಲಿ ಅವು ಮೂಲೆ ಸೇರಿದವು. ಯಾಕೆ?

ಒಲೆ ಯೋಜನೆಗಳು ಸೋತಾಗಲೆಲ್ಲ ಸಿದ್ಧವಾಗಿ ಸಿಗುವ ಉತ್ತರ ಒಂದಿದೆ: ಹೆಂಗಸರಿಗೆ ಬಳಸಲು ಬರಲಿಲ್ಲ, ಹಳೇ ಅಭ್ಯಾಸ ಬಿಡಲಿಲ್ಲ, ಅರಿವು ಸಾಲದು. ಸೆಮಿನಾರುಗಳಲ್ಲಿ ಈ ಮಾತಿಗೆ ತಲೆದೂಗುವವರನ್ನು ನಾನು ಕಂಡಿದ್ದೇನೆ. ಇದು ಸುಳ್ಳು, ಅದಕ್ಕಿಂತ ಹೆಚ್ಚಾಗಿ ಅವಮಾನ. ಮೂರು ಕಲ್ಲಿನ ನಡುವೆ ಹಸಿಸೌದೆಯನ್ನು ಪಳಗಿಸಿದವಳಿಗೆ ಎರಡು ಮಟ್ಟದ ಒಂದು ತಿರುಪನ್ನು ಪಳಗಿಸಲು ಬರುವುದಿಲ್ಲವೆ? ಪೆಲೆಟ್ ಒಲೆ ಸೋತದ್ದು ಅಡುಗೆಮನೆಯಲ್ಲಿ ಅಲ್ಲ, ಅಂಗಡಿಯಲ್ಲಿ. ಕಬ್ಬಿನ ಸಿಪ್ಪೆಗೆ ಬೇರೆ ಗಿರಾಕಿಗಳಿದ್ದರು, ಕಾರ್ಖಾನೆಗಳ ಬಾಯ್ಲರುಗಳು. ಕಚ್ಚಾಮಾಲು ತುಟ್ಟಿಯಾಯಿತು, ಪೆಲೆಟ್ ಬೆಲೆ ಏರಿತು. 2009ರಲ್ಲಿ ಬಿಪಿ ಕೈತೊಳೆದುಕೊಂಡು ಫಸ್ಟ್ ಎನರ್ಜಿ ಎಂಬ ಕಂಪನಿಗೆ ವಹಿವಾಟು ಕೊಟ್ಟಿತು. ಹೊಸ ಕಂಪನಿ ಬರಬರುತ್ತ ಮನೆಗಳನ್ನು ಬಿಟ್ಟು ಹೋಟೆಲು, ಕ್ಯಾಂಟೀನುಗಳ ದೊಡ್ಡ ಒಲೆಗಳತ್ತ ಹೊರಳಿತು. ಸಬ್ಸಿಡಿಯಿಲ್ಲದ ವಾಣಿಜ್ಯ ಗ್ಯಾಸಿಗೆ ಹೋಲಿಸಿದರೆ ಅಲ್ಲಿ ಪೆಲೆಟ್ ಲಾಭ. ತಪ್ಪೇನಿಲ್ಲ, ಕಂಪನಿ ಲೆಕ್ಕ ಹಾಕಿತು. ಆದರೆ ಆ ಒಲೆಗೆ ಸೌದೆ ಹಾಕುವಂತಿರಲಿಲ್ಲ, ಬೆರಣಿ ಹಾಕುವಂತಿರಲಿಲ್ಲ. ಅಂಗಡಿಯಲ್ಲಿ ಪೆಲೆಟ್ ಇಲ್ಲವೆಂದರೆ ಒಲೆ ಬರೀ ಡಬ್ಬ.

ಗಮನಿಸಿ, ಒಲೆಗೆ ಎರಡು ತಿರುಪುಗಳಿದ್ದವು. ಫ್ಯಾನಿನ ವೇಗ ಬದಲಿಸುವ ಚಿಕ್ಕ ತಿರುಪು ಅವಳ ಕೈಯಲ್ಲಿತ್ತು. ಇಂಧನದ ಬೆಲೆ, ಪೂರೈಕೆ ಎಂಬ ದೊಡ್ಡ ತಿರುಪು ದೂರದಲ್ಲೆಲ್ಲೋ ಇತ್ತು. ದೊಡ್ಡದನ್ನು ಯಾರೋ ಸೊನ್ನೆಗೆ ತಿರುಗಿಸಿದ ಮೇಲೆ ಚಿಕ್ಕದು ಎಲ್ಲಿದ್ದರೇನು?

ಗ್ಯಾಸ್ ಬಂತಲ್ಲ, ಈಗೇನು ಎಂದು ಕೇಳಬಹುದು. ನಿಜ. 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಯಿತು. ಕರ್ನಾಟಕ ಅನಿಲ ಭಾಗ್ಯ ಎಂದಿತು. 2021ರ ಉಜ್ವಲ 2.0ರಲ್ಲಿ ವಲಸೆ ಕಾರ್ಮಿಕರು ವಿಳಾಸದ ದಾಖಲೆಯ ಬದಲು ಸ್ವಯಂ ಘೋಷಣೆ ಕೊಟ್ಟರೆ ಸಾಕು ಎಂದಾಯಿತು. ಇವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೊಗೆಯ ಲೆಕ್ಕದಲ್ಲಿ ಗ್ಯಾಸೇ ಮೇಲು, ಪೆಲೆಟ್ ಅದಕ್ಕೆ ಸಮವಲ್ಲ. ಆದರೆ ಗ್ಯಾಸಿಗೂ ಎರಡು ತಿರುಪು. 2023ರಲ್ಲಿ ಇದೇ ಬೆಂಗಳೂರಿನಲ್ಲಿ 14.2 ಕಿಲೋ ಸಿಲಿಂಡರಿನ ಬೆಲೆ 1,100 ರೂಪಾಯಿ ದಾಟಿತ್ತು. ಆ ಆಗಸ್ಟಿನಲ್ಲಿ 200 ರೂಪಾಯಿ ಇಳಿಸಿದರು. ಏರಿಸಿದ್ದೂ ಇಳಿಸಿದ್ದೂ ಅಡುಗೆ ಮಾಡುವವರಲ್ಲ. ದಿನಗೂಲಿಯವರ ಕೈಗೆ ದುಡ್ಡು ಬರುವುದು ದಿನದ ಲೆಕ್ಕದಲ್ಲಿ, ಸಿಲಿಂಡರ್ ಬರುವುದು ತಿಂಗಳ ಲೆಕ್ಕದಲ್ಲಿ. ಇವೆರಡರ ನಡುವಿನ ಸಂದಿಯಲ್ಲೇ ಸೆಂಟ್ರಿಂಗ್ ಹಲಗೆ ಉರಿಯುವುದು. ಕಟ್ಟಡದ ಕೆಲಸ ಮುಗಿದರೆ ಶೆಡ್ಡೂ ಮುಗಿಯಿತು. 2020ರ ಜನವರಿಯಲ್ಲಿ ಇಲ್ಲೇ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡುಗಳನ್ನು ಕೆಡವಿದಾಗ ಒಲೆಗಳೂ ಮಣ್ಣಾದವು. ಅಂಥವರಿಗೆ ಕಟ್ಟಿದ ಒಲೆಯೂ ಆಗದು, ಬರೀ ಕನೆಕ್ಷನ್ನೂ ಸಾಲದು.

ಪೆಲೆಟ್ ಒಲೆ ವಾಪಸು ಬರಲಿ ಎಂದು ನಾನು ಹೇಳುತ್ತಿಲ್ಲ. ಪೆಲೆಟ್ ಎಲ್ಲಿಗೆ ಹೋಯಿತು ಎಂದು ಕೇಳುತ್ತಿದ್ದೇನೆ. 2021ರಲ್ಲಿ ಕೇಂದ್ರ ಇಂಧನ ಸಚಿವಾಲಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ಕೃಷಿ ತ್ಯಾಜ್ಯದ ಪೆಲೆಟ್ಟನ್ನೂ ಬೆರೆಸಿ ಉರಿಸುವುದನ್ನು ಕಡ್ಡಾಯಗೊಳಿಸಿತು. ಅಂದರೆ ಖಾತ್ರಿ ಗಿರಾಕಿ, ದೀರ್ಘ ಕರಾರು, ಆದೇಶದ ಬಲ. ಅಡುಗೆಮನೆಗೆ ಬೇಕಾಗಿದ್ದದ್ದೂ ಇದೇ ಅಲ್ಲವೆ? ಸ್ಥಾವರದ ಬಾಯ್ಲರಿಗೆ ಇಂಧನದ ಖಾತ್ರಿ ಕೊಡುವುದು ನೀತಿ ಎನಿಸಿಕೊಳ್ಳುತ್ತದೆ. ಮನೆಯ ಒಲೆಗೆ ಕೊಡು ಎಂದರೆ ಬಿಟ್ಟಿಭಾಗ್ಯ ಎನ್ನುತ್ತಾರೆ. ಮಾರತ್ತಹಳ್ಳಿಯ ಪಕ್ಕದ ಎಚ್‌ಎಎಲ್ ರನ್‌ವೇಯಿಂದ 2001ರ ಜನವರಿ 4ರಂದು ದೇಶದ ಹಗುರ ಯುದ್ಧ ವಿಮಾನ ಮೊದಲ ಸಲ ಮೇಲೇರಿತು. ಉರಿಗೆ ಗಾಳಿಯನ್ನೂ ಇಂಧನವನ್ನೂ ಅಳೆದು ಉಣಿಸುವ ವಿದ್ಯೆ ಈ ಊರಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿರುವುದನ್ನು ಯಾರಿಗಾಗಿ ಖರ್ಚು ಮಾಡಬೇಕು ಎಂಬಲ್ಲಿ ನಮ್ಮ ಕೈ ಬಿಗಿ.

ಸಾಹಿತ್ಯದ ಪತ್ರಿಕೆಯಲ್ಲಿ ಈ ಮಾತೇಕೆ ಎಂದು ಕೆಲವರು ಮುಖ ಸಿಂಡರಿಸಬಹುದು. ಸಾವಿರ ವರ್ಷದ ಹಿಂದೆ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ ಅಡುಗೆಗೂ ಜಾಗ ಕೊಟ್ಟಿತ್ತು. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಅವರಿಗೆ ಅಡುಗೆ ಒಂದು ಶಾಸ್ತ್ರವಾಗಿತ್ತು. ಅದನ್ನು ಬರೀ ನೆನಪಿನ ಸರಕಾಗಿ ಇಳಿಸಿದವರು ನಾವು. ಉರಿ, ಕೆಂಡ, ಬೂದಿ ನಮ್ಮ ಕವಿತೆಗಳಲ್ಲಿ ಬೇಕಾದಷ್ಟಿವೆ. ಆದರೆ ಅಲ್ಲಿ ಉರಿಯುವುದು ಸದಾ ವಿರಹ, ಕ್ರಾಂತಿ, ಹೊಟ್ಟೆಕಿಚ್ಚು. ಒಲೆ ಉರಿಯುವುದು ಅಪರೂಪ.

ಹಾಗಾಗಿ ನನ್ನ ಬೇಡಿಕೆಗಳು ಎರಡು. ಮೊದಲನೆಯದು ಯೋಜನೆ ಮಾಡುವವರಿಗೆ: ಹಂಚಿದ ಒಲೆಗಳನ್ನು ಎಣಿಸಬೇಡಿ, ಕೊಂಡ ಇಂಧನವನ್ನು ಎಣಿಸಿ. ದಿನಗೂಲಿಗೆ ಹೊಂದುವ ಸಣ್ಣ ಅಳತೆಯಲ್ಲಿ, ಸಬ್ಸಿಡಿ ಸಮೇತ ಮಾರಿ. ಐದು ಕಿಲೋ ಸಿಲಿಂಡರ್ ಅಂಗಡಿಯಲ್ಲೇ ಸಿಗುತ್ತದೆ, ಆದರೆ ಹಾಗೆ ಕೊಂಡರೆ ಸಬ್ಸಿಡಿ ಇಲ್ಲ. ಅತ್ಯಂತ ಬಡವರು ಕೊಳ್ಳಬಹುದಾದ ಅಳತೆಗೇ ರಿಯಾಯಿತಿ ಇಲ್ಲವೆಂದರೆ ಅದು ಯಾವ ನ್ಯಾಯ? ಎರಡನೆಯದು ಬರೆಯುವ ನಮಗೆ: ಸೌದೆ ಒಲೆಯ ಬಗ್ಗೆ ಬರೆಯುವ ಮುನ್ನ ಒಂದು ವಾರ ಅದರಲ್ಲಿ ಮೂರು ಹೊತ್ತು ಅಡುಗೆ ಮಾಡಿ. ಎಂಟನೆಯ ದಿನವೂ ಆ ಹೊಗೆ ಘಮ್ಮೆಂದರೆ ಧಾರಾಳವಾಗಿ ಬರೆಯಿರಿ, ನಾನೇ ಓದುತ್ತೇನೆ.

ಸಿಮ್ ಮಾಡುವುದೆಂದರೆ ಹಾಲು ಉಕ್ಕದಂತೆ ನೋಡಿಕೊಳ್ಳುವುದಷ್ಟೇ ಅಲ್ಲ. ಉರಿಯನ್ನು ಅದರ ಪಾಡಿಗೆ ಬಿಟ್ಟು ಎದ್ದುಹೋಗಿ, ಹತ್ತು ನಿಮಿಷ ಕೂತು, ಒಂದು ಪುಟ ಓದುವುದು ಕೂಡ. ಕೊಳ್ಳಿ ಎಳೆಯುತ್ತ, ಊದುತ್ತ ಕೂತವರಿಗೆ ಆ ಹತ್ತು ನಿಮಿಷ ಇರುವುದಿಲ್ಲ. ನಾವು ಪ್ರಬಂಧ ಬರೆಯುವುದು, ಓದುವುದು ಎಲ್ಲವೂ ಆ ಹತ್ತು ನಿಮಿಷಗಳಲ್ಲೇ.